ಕಾರ್ಸೆಟ್ಟಿಗೆ ಯಾವ ಕಡ್ಡಿ: ರಿಜಿಲೀನೋ, ಸ್ಪೈರಲ್ ಸ್ಟೀಲೋ?

ಬರ್ಲೆಸ್ಕ್ (ಹಾಡಿಗೆ ಕುಣಿಯುತ್ತ ಉಡುಪು ಕಳಚುವ ವೇದಿಕೆ ಪ್ರದರ್ಶನ) ಶೈಲಿಯ ಕಾರ್ಸೆಟ್, ಅಂದರೆ ಬೆನ್ನ ಹಿಂದೆ ಲಾಡಿ ಎಳೆದು ಸೊಂಟ ಬಿಗಿಯುವ ಉಡುಪು, ಹೊಲಿದು ಮಾರುವವರು ಅದನ್ನು ನೆಟ್ಟಗೆ ನಿಲ್ಲಿಸುವ ಕಡ್ಡಿಯಾಗಿ ಸ್ಪೈರಲ್ ಸ್ಟೀಲನ್ನೇ ಹಾಕಬೇಕು. ರಿಜಿಲೀನ್, ಸ್ಟೀಲ್ ಎರಡನ್ನೂ ಹಾಕಿ ಹೊಲಿದು ನೋಡಿದ ಮೇಲೆ ಈ ಮಾತಲ್ಲಿ ನನಗೆ ಅನುಮಾನ ಉಳಿದಿಲ್ಲ. ದಾವಣಗೆರೆಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ‘ಬೋನ್ ಕೊಡಿ’ ಅಂದರೆ ಕೈಗೆ ಬರುವುದು ಲೆಹೆಂಗಾ ಬ್ಲೌಸಿಗೆ ಹಾಕುವ ಪಾಲಿಯೆಸ್ಟರ್ ಪಟ್ಟಿ, ಅದೇ ರಿಜಿಲೀನ್. ಸ್ಟೀಲ್ ಆನ್‌ಲೈನಿನಲ್ಲೇ ತರಿಸಬೇಕು, ಬೆಲೆಯೂ ಹಲವು ಪಟ್ಟು.

ರಿಜಿಲೀನಿನ ಕೆಲಸ ಸುಲಭ. ಕತ್ತರಿಯಲ್ಲೇ ತುಂಡಾಗುತ್ತದೆ, ಮಷಿನ್ ಸೂಜಿ ಅದರ ಮೇಲೇ ಓಡುತ್ತದೆ. ಬ್ಲೌಸಿನಲ್ಲಿ ಅದು ಬಟ್ಟೆ ಜಾರದಂತೆ ನಿಲ್ಲಿಸಿದರೆ ಸಾಕು. ಕಾರ್ಸೆಟ್ಟಿನಲ್ಲಿ ಹಿಂದಿನ ಲಾಡಿಯ ಎಳೆತವೆಲ್ಲ ಸೊಂಟದ ಮೇಲೆ ಬೀಳುತ್ತದೆ. ಮೈಬಿಸಿಗೆ ಪ್ಲಾಸ್ಟಿಕ್ ಅಲ್ಲೇ ಮಡಿಚಿಕೊಂಡು ಮತ್ತೆ ನೆಟ್ಟಗಾಗುವುದಿಲ್ಲ. ವೇದಿಕೆಯ ಬರ್ಲೆಸ್ಕಿನಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಕಳಚುವ ಉಡುಪು ಇದು. ಆದರೆ ನಮ್ಮ ಗಿರಾಕಿ ಸೀರೆಯೊಳಗೆ ತೊಟ್ಟು ರಿಸೆಪ್ಷನ್ ಮುಗಿಯುವ ತನಕ ಇರುತ್ತಾಳೆ.

ಸ್ಟೀಲಿನ ದೊಡ್ಡ ಕಿರಿಕಿರಿ ತುದಿ. ಸ್ಪೈರಲ್ ಅಂದರೆ ಒಂದರೊಳಗೊಂದು ಹೆಣೆದ ಎರಡು ಚಪ್ಪಟೆ ಸುರುಳಿ. ಕಟ್ಟರಿನಲ್ಲಿ ಅಡ್ಡಲಾಗಿ ಒಂದೇ ಸಲ ಒತ್ತಿದರೆ ತುದಿ ನಜ್ಜುಗುಜ್ಜಾಗಿ, ಅದನ್ನು ಮುಚ್ಚುವ ಟೋಪಿ ಕೂರುವುದೇ ಇಲ್ಲ. ಒಂದು ಅಂಚಿನ ತಂತಿ ಕತ್ತರಿಸಿ, ತಿರುಗಿಸಿ, ಇನ್ನೊಂದು ಅಂಚು ಕತ್ತರಿಸಬೇಕು. ಆಮೇಲೆ ಲೋಹದ ಟೋಪಿ ತೊಡಿಸಿ ಇಕ್ಕಳದಿಂದ ಮೊದಲು ಎರಡು ಪಕ್ಕ, ನಂತರ ಮುಂದೆ ಹಿಂದೆ ಅಮುಕಬೇಕು. ಉಗುರಿನಿಂದ ಎಳೆದು ನೋಡಿ. ಅಲ್ಲಾಡಿದರೆ ತೆಗೆದು ಬೇರೆ ಹಾಕಿ.

ಸಡಿಲ ಟೋಪಿ ಕಡ್ಡಿ ತೂರಿಸುವ ಗೂಡಿನೊಳಗೆ ಕಳಚಿಕೊಂಡರೆ ತಂತಿ ಮೊದಲು ಡ್ರಿಲ್ ಎಂಬ ದಪ್ಪ ಬಟ್ಟೆ ತೂತು ಮಾಡಿ, ಆಮೇಲೆ ಸ್ಯಾಟಿನ್ ಹರಿದು, ಕೊನೆಗೆ ಚರ್ಮಕ್ಕೆ ಚುಚ್ಚುತ್ತದೆ. ಕತ್ತರಿಸಿದ ಬಾಯಿಗೆ ಲೇಪ ಇರುವುದಿಲ್ಲವಾದ್ದರಿಂದ ನೆನೆಸಿಟ್ಟರೆ ಅಲ್ಲಿಂದಲೇ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಏಳುತ್ತದೆ. ಟೋಪಿ ಹಾಕಿಯೇ ಬರುವ ಕಡ್ಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

6 ಮಿ.ಮೀ. ಅಗಲದ ಕಡ್ಡಿಗೆ 8 ಮಿ.ಮೀ. ಅಗಲದ ಗೂಡು ಹೊಲಿಯಿರಿ. ಉದ್ದದಲ್ಲಿ ಕಡ್ಡಿ ಗೂಡಿಗಿಂತ 12 ಮಿ.ಮೀ. ಕಡಿಮೆ ಇರಲಿ. ಅಳತೆ ತೆಗೆಯುವಾಗ ಗಿರಾಕಿಯನ್ನು ಕುರ್ಚಿಯ ಮೇಲೆ ಕೂರಿಸಿ ಎದೆಯ ಕೆಳಗಿನಿಂದ ತೊಡೆಯ ತನಕ ಟೇಪು ಹಿಡಿಯಿರಿ. ನಮ್ಮಲ್ಲಿ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವವರು ಇನ್ನೂ ಇದ್ದಾರೆ, ಅವರಿಗೆ ಉದ್ದದಲ್ಲಿ ಇನ್ನೂ ಒಂದಿಂಚು ಕಡಿಮೆ ಮಾಡಬೇಕು. ಸೊಂಟಕ್ಕೆ ಒಳಗಡೆ ಒಂದಿಂಚು ಅಗಲದ ಹತ್ತಿ ಟೇಪು ಕಡ್ಡಾಯ.

ಚಪ್ಪಟೆ ಸ್ಟೀಲ್ ಹಿಂಭಾಗದಲ್ಲಿ ಲಾಡಿ ತೂರಿಸುವ ಐಲೆಟ್ (ಲೋಹದ ಉಂಗುರ ಹಾಕಿದ ತೂತು) ಸಾಲಿನ ಎರಡೂ ಬದಿಗೆ ಮಾತ್ರ.

ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಒಳಪದರಕ್ಕೆ ಪಾಲಿಯೆಸ್ಟರ್ ಹಾಕುವುದು ನನಗೆ ಒಗ್ಗದ ಮಾತು. ಹತ್ತಿ ಡ್ರಿಲ್ಲನ್ನು ಒಗೆದು, ಕುಗ್ಗಿಸಿ, ಆಮೇಲೆ ಕತ್ತರಿಸಿ. ಹೊರಪದರಕ್ಕೆ ಮೊಳಕಾಲ್ಮೂರು ರೇಷ್ಮೆ ಬಹಳ ಚಂದ, ಆದರೆ ಡ್ರಿಲ್ಲಿಗೆ ಕಚ್ಚಾ ಹೊಲಿಗೆ ಹಾಕಿ ಒಂದಾಗಿಸದಿದ್ದರೆ ಹೊಲಿಗೆಯಲ್ಲಿ ಎಳೆ ಬಿಡುತ್ತದೆ.

ತಿಂಗಳಿಗೆ ನಾಲ್ಕೈದು ಹೊಲಿಯುವ, ವಾಪಸ್ ಬಂದ ಮಾಲಿನ ಕೊರಿಯರ್ ಖರ್ಚು ತಡೆಯಲಾಗದ ನನ್ನಂಥವರ ಲೆಕ್ಕಕ್ಕೆ ಸ್ಟೀಲೇ ಅಗ್ಗ. ಲಾಡಿ ಇಲ್ಲದ ಲೇಸ್ ಬ್ರಾಲೆಟ್ (ಹಗುರ ಬ್ರಾ) ಮಾತ್ರ ಮಾರುವವರಿಗೆ ರಿಜಿಲೀನ್ ಸಾಕು, ತುದಿ ಸುಟ್ಟು ಟೇಪು ಸುತ್ತಿ ಹಾಕಿ. ಕಳಿಸುವಾಗ ಯಾವುದನ್ನೂ ಸೊಂಟದಲ್ಲಿ ಅಡ್ಡ ಮಡಿಚಬೇಡಿ, ಲಾಡಿ ಸಡಿಲಿಸಿ ಉದ್ದುದ್ದಕ್ಕೆ ಸುತ್ತಿಡಿ. ಡಬ್ಬದ ಹೊರಗೆ ಒಳಗೇನಿದೆ ಎಂದು ಬರೆಯಬೇಡಿ, ಪಾರ್ಸಲ್ ಮನೆಯವರ ಕೈಗೂ ಸಿಗುತ್ತದೆ.