ಮೂರು ಮಳೆಗಾಲ ಕಂಡ ಅಯಾನಿಕ ದ್ರವ

ಮಾನಸಗಂಗೋತ್ರಿಯಲ್ಲಿ ಸಂಶೋಧನೆಗೆ ಸೇರಿದ ವರ್ಷ ತರಿಸಿದ 100 ಗ್ರಾಂ ಬಾಟಲಿ ಇದು: 1-ಬ್ಯುಟೈಲ್-3-ಮೀಥೈಲ್‌ಇಮಿಡಜೋಲಿಯಂ ಟಿಎಫ್‌ಎಸ್‌ಐ. ಲ್ಯಾಬಿನಲ್ಲಿ ಎಲ್ಲರ ಬಾಯಲ್ಲೂ ಬಿಮಿಮ್. ಸೂಪರ್‌ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟು ಬೇಗ ಕೊಡುವ ಸಾಧನ) ಕೆಲಸಕ್ಕೆ ಮೂರು ವರ್ಷದಿಂದ ಬಳಸುತ್ತಿದ್ದೇನೆ.

ಹೆಸರಿಗೆ ಉಪ್ಪು: ಬಿಮಿಮ್ ಧನ ಅಯಾನು, ಟಿಎಫ್‌ಎಸ್‌ಐ ಋಣ ಅಯಾನು. ಆದರೆ ಮೈಸೂರಿನ ಡಿಸೆಂಬರ್ ಚಳಿಗೂ ಹೆಪ್ಪುಗಟ್ಟಲಿಲ್ಲ. ವಾಸನೆಯಿಲ್ಲ, ಆರಿಹೋಗುವುದಿಲ್ಲ. 25 ಡಿಗ್ರಿಯಲ್ಲಿ ಸ್ನಿಗ್ಧತೆ ಸುಮಾರು 50 ಸೆಂಟಿಪಾಯ್ಸ್, ಅಂದರೆ ಪಿಪೆಟ್ಟಿನಿಂದ ಕಡಲೆಕಾಯಿ ಎಣ್ಣೆಯಂತೆ ನಿಧಾನಕ್ಕೆ ಇಳಿಯುತ್ತದೆ. ವಾಹಕತೆ ಸೆಂಟಿಮೀಟರಿಗೆ 4 ಮಿಲಿಸೀಮೆನ್ಸ್ ಆಸುಪಾಸು, ಹೇಳಿಕೊಳ್ಳುವಂಥದ್ದಲ್ಲ. 60 ಡಿಗ್ರಿಗೆ ಕಾಯಿಸಿದರೆ ಎರಡು ಪಟ್ಟಿಗೂ ಮೀರುತ್ತದೆ.

ನಾನು ಇದನ್ನು ಬಿಡದಿರುವುದು ವೋಲ್ಟೇಜಿಗಾಗಿ. ನೀರು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡಿನ ಮೇಲೆ ಈ ದ್ರವ 4 ವೋಲ್ಟ್ ದಾಟಿದರೂ ಒಡೆಯದೆ ತಡೆದುಕೊಳ್ಳುತ್ತದೆ. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಈ ವ್ಯತ್ಯಾಸ ಬಹಳ ದೊಡ್ಡದು.

ಮೊದಲ ಜುಲೈನಲ್ಲಿ ಮಾತ್ರ ನನ್ನನ್ನು ಅಳಿಸಿತು. ವೋಲ್ಟೇಜಿನ ಋಣ ತುದಿಯ ಕಡೆ ಎಲ್ಲೂ ಇಲ್ಲದ ಕರೆಂಟು ಏರುತ್ತಿತ್ತು. ಯಂತ್ರ ಕೆಟ್ಟಿದೆಯೆಂದು ಎರಡು ವಾರ ವೈರು, ಎಲೆಕ್ಟ್ರೋಡು ಬದಲಾಯಿಸಿದೆ. ಕೊನೆಗೆ ನೀರಿನ ಅಂಶ ಅಳೆಯುವ ಕಾರ್ಲ್ ಫಿಶರ್ ಟೈಟ್ರೇಷನ್ ಮಾಡಿದಾಗ ನೀರು ಸಾವಿರ ಪಿಪಿಎಂ (ಹತ್ತು ಲಕ್ಷಕ್ಕೆ ಸಾವಿರ ಭಾಗ) ದಾಟಿತ್ತು! ನೀರಿನೊಂದಿಗೆ ಬೆರೆಯದ ದ್ರವ, ಒಟ್ಟಿಗೆ ಹಾಕಿದರೆ ತಳ ಸೇರಿ ನಿಲ್ಲುತ್ತದೆ, ನಿಜ. ಆದರೂ ಗಾಳಿಯ ತೇವವನ್ನು ಮುಚ್ಚಳ ತೆಗೆದಾಗಲೆಲ್ಲ ಹೀರಿಕೊಳ್ಳುತ್ತದೆ. ಈಗ ಬಳಸುವ ಮುಂಚೆ 80 ಡಿಗ್ರಿಯಲ್ಲಿ, ವ್ಯಾಕ್ಯೂಮಿನಲ್ಲಿ, ಇಡೀ ರಾತ್ರಿ ಒಣಗಿಸುತ್ತೇನೆ. ಆಮೇಲೆ ಆರ್ಗಾನ್ ಹಾಯಿಸುತ್ತೇನೆ, ಕರಗಿದ ಆಮ್ಲಜನಕವೂ ತೊಂದರೆ ಕೊಡುತ್ತದೆ.

ಎರಡನೇ ಬಾಟಲಿ ತಿಳಿ ಹಳದಿಯಾಗಿ ಬಂತು. ಬಣ್ಣಕ್ಕಿಂತ, ತಯಾರಿಕೆಯಲ್ಲಿ ಉಳಿದುಬಿಡುವ ಕ್ಲೋರೈಡಿನ ಅನುಮಾನ ಹೆಚ್ಚಿತ್ತು. ಒಂದು ಹನಿಯನ್ನು ಶುದ್ಧ ನೀರಿನೊಡನೆ ಕುಲುಕಿ, ಮೇಲೆ ನಿಂತ ನೀರನ್ನು ತೆಗೆದು, ಸಿಲ್ವರ್ ನೈಟ್ರೇಟ್ ಬಿಟ್ಟೆ. ಗಂಜಿ ತಿಳಿಯಂತೆ ಮಬ್ಬಾಯಿತು, ಅಂದರೆ ಕ್ಲೋರೈಡ್ ಇದೆ. ಕ್ಲೋರೈಡ್ ಉಳಿದರೆ ದ್ರವ ದಪ್ಪವಾಗುತ್ತದೆ, ಧನ ತುದಿಯ ವೋಲ್ಟೇಜೂ ಕುಗ್ಗುತ್ತದೆ. ಮಾರಿದವರಿಗೆ ಫೋಟೋ ಕಳಿಸಿದೆ. ಬದಲಿ ಬಾಟಲಿ ಬರಲು ನಾಲ್ಕು ತಿಂಗಳು ಹಿಡಿಯಿತು, ಇಷ್ಟು ತಡ ಮಾಡಿದ್ದು ಅವರ ತಪ್ಪು.

'ಹಸಿರು ದ್ರಾವಕ' ಅನ್ನುವ ಮಾತಿಗೆ ಮರುಳಾಗಬೇಡಿ. ಆವಿಯಾಗದು ನಿಜ, ಆದರೆ ಜಲಚರಗಳಿಗೆ ವಿಷ. ಸಿಂಕಿಗೆ ಒಂದು ಹನಿಯೂ ಹೋಗಬಾರದು. ಬಳಸಿದ್ದನ್ನು ಬೇರೆ ಬಾಟಲಿಯಲ್ಲಿ ಸಂಗ್ರಹಿಸಿ.

ಐದಕ್ಕೆ ನಾಲ್ಕು ಅಂಕ. ಮುಂದಿನ ಬಾರಿ ನಾನು 25 ಗ್ರಾಮಿನ ನಾಲ್ಕು ಬಾಟಲಿ ತರಿಸುತ್ತೇನೆ. ದುಬಾರಿಯಾದರೂ ಮಳೆಗಾಲದಲ್ಲಿ ಒಂದನ್ನು ತೆರೆದರೆ ಉಳಿದ ಮೂರು ಒಣಗಿಯೇ ಇರುತ್ತವೆ.