ಹವ್ಯಾಸಿ ಗೇಮ್‌ಗೆ ಸ್ವಯಂಸೇವಕರನ್ನು ಕರೆಯಲು ಗಿಟ್‌ಹಬ್: ಕೊಡಗಿನಿಂದ ಒಂದು ವಿಮರ್ಶೆ

ಸಂಬಳದ ಮಾತಿಲ್ಲದೆ, ಬಿಡುವಿನ ವೇಳೆಯಲ್ಲಿ ಕಂಪ್ಯೂಟರ್ ಗೇಮ್ ಕಟ್ಟುವ ಹವ್ಯಾಸ ಮಡಿಕೇರಿ, ಕುಶಾಲನಗರ, ಪೊನ್ನಂಪೇಟೆಗಳಂತಹ ಊರುಗಳಿಗೂ ಬಂದಿದೆ. ಇಂತಹ ಗೇಮನ್ನು ಒಬ್ಬರೇ ಮುಗಿಸುವುದು ಅಪರೂಪ. ಕೋಡ್ ಬರೆಯಬಲ್ಲವರಿಗೆ ಚಿತ್ರ ಒಲಿದಿರುವುದಿಲ್ಲ, ಚಿತ್ರ ಬಿಡಿಸುವವರಿಗೆ ಧ್ವನಿ ಜೋಡಿಸುವ ಕೆಲಸ ತಿಳಿದಿರುವುದಿಲ್ಲ; ಹಾಗಾಗಿ ಅಂತರ್ಜಾಲದಲ್ಲಿ ಸ್ವಯಂಸೇವಕರಿಗಾಗಿ ಕರೆ ಕೊಡಬೇಕಾಗುತ್ತದೆ. ನಮ್ಮ ಜಿಲ್ಲೆಯ ಕೆಲವು ಸಣ್ಣ ತಂಡಗಳು ಒಟ್ಟಾಗಿ, ಇಂತಹ ಕರೆಗಳನ್ನು ಪ್ರಕಟಿಸಲೆಂದೇ, ಕೋಡ್ ಮತ್ತು ಕಡತಗಳನ್ನಿಟ್ಟು ಹಲವರು ಕೂಡಿ ಕೆಲಸ ಮಾಡುವ ತಾಣವಾದ ಗಿಟ್‌ಹಬ್‌ನಲ್ಲಿ ಒಂದು ಸಾರ್ವಜನಿಕ ರೆಪೊಸಿಟರಿಯನ್ನು (ಒಂದು ಯೋಜನೆಯ ಕಡತಗಳ ಸಂಗ್ರಹವನ್ನು) ತೆರೆದಿವೆ. ಆ ಬಳಕೆಯ ಆಧಾರದ ಮೇಲೆ ಬರೆದಿರುವ ವಿಮರ್ಶೆ ಇದು. ಸೇವೆಯನ್ನು ನಾನು ಒಂದೇ ಪ್ರಶ್ನೆಯಿಂದ ಅಳೆದಿದ್ದೇನೆ: ಕರೆ ಕೊಡುವವರು ಹೇಳಲೇಬೇಕಾದದ್ದನ್ನು ಮೊದಲೇ, ಪೂರ್ತಿಯಾಗಿ, ಬರಹದಲ್ಲಿ ಹೇಳುವಂತೆ ಅದು ಮಾಡುತ್ತದೆಯೇ?

ಈ ಪ್ರಶ್ನೆ ಏಕೆ ಮುಖ್ಯವೆಂದರೆ, ನಾವು ದಿನನಿತ್ಯ ನೋಡುವ ಕರೆಗಳಲ್ಲಿ ಹೆಚ್ಚಿನವು ಎರಡು ಸಾಲಿನಲ್ಲಿ ಮುಗಿಯುತ್ತವೆ. "ದೊಡ್ಡ ಗೇಮ್ ಮಾಡುತ್ತಿದ್ದೇವೆ, ಆರ್ಟಿಸ್ಟ್ ಬೇಕು, ಲಾಭದಲ್ಲಿ ಪಾಲು ಕೊಡುತ್ತೇವೆ" ಎಂಬ ಮಾದರಿಯ ಒಂದು ವಾಟ್ಸ್ಆ್ಯಪ್ ಸಂದೇಶವನ್ನು ನಂಬಿ, ಗೋಣಿಕೊಪ್ಪಲಿನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಬೇಸಿಗೆ ರಜೆಯುದ್ದಕ್ಕೂ ಪಾತ್ರಗಳ ಚಿತ್ರ ಬಿಡಿಸಿಕೊಟ್ಟಳು. ಗೇಮ್ ಹೊರಬರಲಿಲ್ಲ. ಆ ಚಿತ್ರಗಳನ್ನು ಅವಳು ಬೇರೆಡೆ ಬಳಸಬಹುದೇ, ಅವು ಯಾರ ಸ್ವತ್ತು ಎಂದು ಕೇಳಿದ್ದಕ್ಕೆ ಉತ್ತರವೂ ಬರಲಿಲ್ಲ. ಆ ತಂಡದವರು ಮೋಸ ಮಾಡಬೇಕೆಂದೇ ಹೊರಟಿದ್ದರು ಎಂದು ನಾನು ಭಾವಿಸುವುದಿಲ್ಲ. ಅವರು ಬರೆಯಬೇಕಾಗಿದ್ದ ವಿಷಯಗಳನ್ನು ಬರೆಯಿರಿ ಎಂದು ಅವರನ್ನು ಕೇಳುವವರೇ ಇರಲಿಲ್ಲ.

ಇಷ್ಟು ಶಿಸ್ತು ಕೊಡಗಿನವರಿಗೆ ಹೊಸದಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವವನ್ನು ಪ್ರತಿವರ್ಷ ಒಂದೊಂದು ಕುಟುಂಬ ವಹಿಸಿಕೊಳ್ಳುತ್ತದೆ. ಮೈದಾನ ಯಾವುದು, ದಿನ ಯಾವುದು, ಯಾರು ಆಡಬಹುದು ಎಂಬುದು ತಿಳಿಯದೆ ಯಾವ ಕುಟುಂಬವೂ ತಂಡ ಕಟ್ಟಿಕೊಂಡು ಹೊರಡುವುದಿಲ್ಲ. ಬಿಡುವಿನ ವೇಳೆಯನ್ನು ಕೊಡಲು ಬರುವವರಿಗೆ ಅಷ್ಟಾದರೂ ಮಾಹಿತಿ ಸಿಗಬೇಕು.

ಈ ವಿಷಯದಲ್ಲಿ ಗಿಟ್‌ಹಬ್‌ನ ಅತ್ಯುತ್ತಮ ಸೌಲಭ್ಯವೆಂದರೆ ಇಶ್ಯೂ ಫಾರ್ಮ್. ಇಶ್ಯೂ ಎಂದರೆ ಒಂದು ಕೆಲಸ ಅಥವಾ ಸಮಸ್ಯೆಯ ಬಗ್ಗೆ ರೆಪೊಸಿಟರಿಯಲ್ಲಿ ತೆರೆಯುವ ಚರ್ಚೆಯ ಪುಟ; ನಮ್ಮಲ್ಲಿ ಒಂದೊಂದು ಕರೆಯೂ ಒಂದು ಇಶ್ಯೂ. ರೆಪೊಸಿಟರಿಯಲ್ಲಿ ನಿಗದಿತ ಹೆಸರಿನ ಫೋಲ್ಡರ್ ಒಂದರೊಳಗೆ ಒಂದು ಸಣ್ಣ ಯಾಮಲ್ (ಸೆಟ್ಟಿಂಗ್‌ಗಳನ್ನು ಬರೆಯುವ ಸರಳ ಪಠ್ಯರೂಪದ) ಕಡತವನ್ನಿಟ್ಟರೆ, ಹೊಸ ಇಶ್ಯೂ ತೆರೆಯುವವರಿಗೆ ಖಾಲಿ ಪೆಟ್ಟಿಗೆಯ ಬದಲು ಪ್ರಶ್ನೆಗಳಿರುವ ಫಾರ್ಮ್ ಕಾಣಿಸುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಬರೆಯಬಹುದು. ಯಾವ ಪ್ರಶ್ನೆಗೆ ಉತ್ತರ ಕಡ್ಡಾಯವೆಂದು ಗುರುತಿಸಬಹುದು. ಉತ್ತರಿಸದಿದ್ದರೆ ಕರೆ ಪ್ರಕಟವಾಗುವುದಿಲ್ಲ. ಫಾರ್ಮ್ ಬಿಟ್ಟು ಖಾಲಿ ಇಶ್ಯೂ ತೆರೆಯುವ ದಾರಿಯನ್ನೂ ಒಂದು ಸಾಲಿನ ಸೆಟ್ಟಿಂಗ್‌ನಿಂದ ಮುಚ್ಚಬಹುದು. ನಿಯಮಗಳ ಉದ್ದ ಪಟ್ಟಿಯನ್ನು ಮೇಲೆ ಅಂಟಿಸಿ, ಓದದೆ ಬರೆದವರನ್ನು ಆಮೇಲೆ ಗದರಿಸುವ ಪದ್ಧತಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಇಲ್ಲಿ ಬರೆಯುವ ಹೊತ್ತಿನಲ್ಲಿಯೇ ನಿಯಮ ಕೈಹಿಡಿದು ನಡೆಸುತ್ತದೆ. ಆದರೆ ಈ ಕಡ್ಡಾಯ ಸಾರ್ವಜನಿಕ ರೆಪೊಸಿಟರಿಗಳಲ್ಲಿ ಮಾತ್ರ ಜಾರಿಯಲ್ಲಿರುತ್ತದೆ; ಖಾಸಗಿಯಾಗಿಟ್ಟರೆ ಅನ್ವಯಿಸುವುದಿಲ್ಲ.

ನಮ್ಮ ಫಾರ್ಮ್‌ನ ಮೊದಲ ಪ್ರಶ್ನೆ, ಈವರೆಗೆ ನೀವೇ ಏನು ಮಾಡಿದ್ದೀರಿ ಎಂಬುದು. ಅದನ್ನೇ ಮೊದಲಿಗಿಡಬೇಕೆಂದು ನಾನು ಹಟ ಹಿಡಿದೆ. ಕಲ್ಪನೆ ಎಲ್ಲರಲ್ಲಿಯೂ ಇರುತ್ತದೆ. ಎರಡು ನಿಮಿಷ ಆಡಬಹುದಾದ, ಬಣ್ಣವಿಲ್ಲದ ಚೌಕಗಳೇ ಓಡಾಡುವ ಕಚ್ಚಾ ರೂಪವಾದರೂ ಇದ್ದರೆ, ಕರೆದವರು ಕೆಲಸಕ್ಕೆ ಕೈ ಹಾಕಿದ್ದಾರೆಂಬ ನಂಬಿಕೆ ಬರುತ್ತದೆ. ಎರಡನೆಯದು ಹಣ. ಸಂಬಳವಿಲ್ಲವೆಂದಾದರೆ "ಸಂಬಳವಿಲ್ಲ" ಎಂದೇ ಬರೆಯಬೇಕು. ಲಾಭದ ಪಾಲು ಕೊಡುವುದಾದರೆ ಶೇಕಡಾ ಎಷ್ಟು, ಲೆಕ್ಕ ಇಡುವವರು ಯಾರು, ಲಾಭವೇ ಬಾರದಿದ್ದರೆ ಏನು ಎಂಬುದನ್ನೂ ಬರೆಯಬೇಕು. ಬಹುಪಾಲು ಹವ್ಯಾಸಿ ಗೇಮ್‌ಗಳು ಹಣ ತರುವುದಿಲ್ಲವಾದ್ದರಿಂದ, ಪಾಲಿನ ಮಾತು ಆಡದಿರುವುದೇ ಪ್ರಾಮಾಣಿಕತೆ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಪ್ರಶ್ನೆ ಕೆಲಸದ ಅಳತೆಯದು. ನಮ್ಮ ತಂಡದ ಗೇಮ್‌ನಲ್ಲಿ, ಕಣದಲ್ಲಿ ಹರಡಿದ ಕಾಫಿಯನ್ನು ಅಕಾಲಿಕ ಮಳೆ ಸುರಿಯುವ ಮೊದಲು ಒಳಗೆ ಸಾಗಿಸಬೇಕು. ಅದಕ್ಕೆ "ಚಿತ್ರಕಾರರು ಬೇಕು" ಎಂದಷ್ಟೇ ಬರೆದಾಗ ಬಂದ ವಿಚಾರಣೆಗಳೆಲ್ಲ ಅಸ್ಪಷ್ಟವಾಗಿದ್ದವು. "ಕಾಳುಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ, ಅಗಲ 64 ಪಿಕ್ಸೆಲ್, ಎತ್ತರ 128 ಪಿಕ್ಸೆಲ್, ಹಿನ್ನೆಲೆ ಪಾರದರ್ಶಕ, ಪಿಎನ್‌ಜಿ ಕಡತ, ರೊಬಸ್ಟಾ ಗಿಡದ ಒಂದೇ ಗೊಂಚಲಿನಲ್ಲಿ ಹಸಿರು ಕಾಯಿ, ದೋರಗಾಯಿ, ಕೆಂಪು ಹಣ್ಣು ಒಟ್ಟಿಗೇ ಇರಬೇಕು" ಎಂದು ಬಿಡಿಬಿಡಿಯಾಗಿ ಬರೆದ ಕರೆಗೆ, ತೋಟವನ್ನೇ ನೋಡದ ಊರಿನಿಂದಲೂ ಸರಿಯಾದ ಚಿತ್ರ ಬಂತು. ಗೊಂಚಲಿನ ಆ ಒಂದು ಮಾತು ಇಲ್ಲದಿದ್ದರೆ ಗಿಡದ ತುಂಬ ಕೆಂಪು ಹಣ್ಣೇ ಬರುತ್ತಿತ್ತು. ಕೊಯ್ಲಿನ ದಿನಗಳನ್ನು ಕಂಡ ಯಾರೂ ಆ ಗಿಡವನ್ನು ಒಪ್ಪುತ್ತಿರಲಿಲ್ಲ. ಇಂತಹ ಸಣ್ಣ ಕೆಲಸಗಳಿಗೆ ಅಂಟಿಸಲು ಗಿಟ್‌ಹಬ್ ತಾನೇ 'ಗುಡ್ ಫಸ್ಟ್ ಇಶ್ಯೂ', 'ಹೆಲ್ಪ್ ವಾಂಟೆಡ್' ಎಂಬ ಲೇಬಲ್‌ಗಳನ್ನು ಒದಗಿಸುತ್ತದೆ. ನಾವು ಅವುಗಳ ಜೊತೆಗೆ 'ಚಿತ್ರ', 'ಧ್ವನಿ', 'ಅನುವಾದ' ಎಂಬ ಕನ್ನಡ ಲೇಬಲ್‌ಗಳನ್ನೂ ಸೇರಿಸಿಕೊಂಡಿದ್ದೇವೆ.

ಬಳಸುವ ಸಾಧನದ ಹೆಸರಷ್ಟೇ ಸಾಲದು, ಆವೃತ್ತಿಯನ್ನೂ ಬರೆಯಬೇಕು. ಕನ್ನಡದಲ್ಲಿ ಗೇಮ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಗೇಮ್ ಕಟ್ಟಲು ಉಚಿತವಾಗಿ ಸಿಗುವ ತಂತ್ರಾಂಶವಾದ ಗೊಡೋ ಎಂಜಿನ್ ಕನ್ನಡದಂತಹ ಲಿಪಿಗಳ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಆರಂಭಿಸಿದ್ದು 2023ರ ಮಾರ್ಚ್‌ನಲ್ಲಿ ಬಂದ 4.0 ಆವೃತ್ತಿಯಿಂದ. ಹಳೆಯ ಮೂರನೆಯ ಸರಣಿಯಲ್ಲಿ 'ಅಕ್ಕ' ಎಂಬ ಸರಳ ಪದವೂ ಒಡೆದು ಕಾಣುತ್ತಿತ್ತು. ಆವೃತ್ತಿ ಬರೆಯದ ಕರೆಯನ್ನು ನೋಡಿ ಹಳೆಯದರಲ್ಲಿ ಕೆಲಸ ಮಾಡಿಕೊಟ್ಟವರ ಶ್ರಮವೆಲ್ಲ ಮತ್ತೆ ಮೊದಲಿಗೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಹಕ್ಕಿನ ಪ್ರಶ್ನೆಗೆ, ಹೆಚ್ಚು ನಿರ್ಲಕ್ಷ್ಯವಾಗುವುದೂ ಅಲ್ಲಿಯೇ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ಬಿಡಿಸಿದವರೇ ಅದರ ಮೊದಲ ಒಡೆಯರು. ಉದ್ಯೋಗಿಯಾಗಿ ಮಾಡಿದ ಕೆಲಸಕ್ಕೆ ಬೇರೆ ನಿಯಮವಿದ್ದರೂ ಸ್ವಯಂಸೇವಕರು ಉದ್ಯೋಗಿಗಳಲ್ಲ. ಹಕ್ಕನ್ನು ವರ್ಗಾಯಿಸಬೇಕಾದರೆ ಬರಹ ಬೇಕು, ಸಹಿ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ 19ನೆಯ ಕಲಮು ಭಾವಿಸುತ್ತದೆ. ಅಂದರೆ "ಕಳಿಸಿದಿರಲ್ಲ, ಇನ್ನು ಅದು ನಮ್ಮದು" ಎಂಬ ಮಾತಿಗೆ ಕಾನೂನಿನಲ್ಲಿ ಆಧಾರವಿಲ್ಲ. ಹವ್ಯಾಸಿಗಳಿಗೆ ಒಪ್ಪುವ ಸುಲಭದ ದಾರಿ ಮುಕ್ತ ಪರವಾನಗಿ, ಅಂದರೆ ಇಂತಿಂತಹ ಷರತ್ತಿನ ಮೇಲೆ ಯಾರೂ ಬಳಸಬಹುದೆಂದು ಮೊದಲೇ ಕೊಡುವ ಸಿದ್ಧರೂಪದ ಒಪ್ಪಿಗೆ: ಕೋಡ್‌ಗೆ ಎಂಐಟಿ ಅಥವಾ ಜಿಪಿಎಲ್, ಚಿತ್ರ ಮತ್ತು ಧ್ವನಿಗೆ ಕ್ರಿಯೇಟಿವ್ ಕಾಮನ್ಸ್. ವಾಣಿಜ್ಯ ಬಳಕೆಯನ್ನು ನಿಷೇಧಿಸುವ ಕ್ರಿಯೇಟಿವ್ ಕಾಮನ್ಸ್ ಬಗೆಯನ್ನು ಆರಿಸಿಕೊಂಡರೆ, ಮುಂದೊಂದು ದಿನ ಗೇಮನ್ನು ನೂರು ರೂಪಾಯಿಗೆ ಮಾರಲು ಹೊರಟಾಗಲೂ ಚಿತ್ರಕಾರರ ಅನುಮತಿಯನ್ನು ಹೊಸದಾಗಿ ಕೇಳಬೇಕಾಗುತ್ತದೆ; ಅದನ್ನೂ ಕರೆಯಲ್ಲಿಯೇ ತಿಳಿಸಬೇಕು.

ಹೊಸ ರೆಪೊಸಿಟರಿ ತೆರೆಯುವಾಗಲೇ ಪರವಾನಗಿಯನ್ನು ಆಯ್ದುಕೊಳ್ಳುವ ಅವಕಾಶವನ್ನು ಗಿಟ್‌ಹಬ್ ಕೊಡುತ್ತದೆ, ಆದರೆ ಕಡ್ಡಾಯ ಮಾಡುವುದಿಲ್ಲ. ಪರವಾನಗಿ ಇಲ್ಲದ ಸಾರ್ವಜನಿಕ ರೆಪೊಸಿಟರಿಯನ್ನು ಬೇರೆಯವರು ನೋಡಬಹುದು, ಗಿಟ್‌ಹಬ್‌ನೊಳಗೆ ಫೋರ್ಕ್ (ತಮ್ಮ ಖಾತೆಗೆ ಒಂದು ಪ್ರತಿ) ಮಾಡಿಕೊಳ್ಳಬಹುದು. ಅದಕ್ಕಿಂತ ಆಚೆಗಿನ ಬಳಕೆಗೆ ಒಪ್ಪಿಗೆ ಇರುವುದಿಲ್ಲ. ಸಾರ್ವಜನಿಕವಾಗಿ ಕಾಣುವುದೆಲ್ಲ ಬಳಕೆಗೆ ಮುಕ್ತ ಎಂದು ತಿಳಿದಿರುವ ಹೊಸಬರಿಗೆ ಆ ಪುಟದಲ್ಲಿ ಇನ್ನೂ ಸ್ಪಷ್ಟವಾದ ಎಚ್ಚರಿಕೆ ಇರಬೇಕಾಗಿತ್ತು.

ವಯಸ್ಸಿನ ವಿಷಯದಲ್ಲಿಯೂ ಹೀಗೆಯೇ. ಗಿಟ್‌ಹಬ್ ಖಾತೆಗೆ 13 ವರ್ಷ ತುಂಬಿದ್ದರೆ ಸಾಕು. ಆದರೆ 1872ರ ಭಾರತೀಯ ಕರಾರು ಕಾಯ್ದೆಯಂತೆ 18 ತುಂಬದವರು ಕರಾರು ಮಾಡಿಕೊಳ್ಳಲು ಅರ್ಹರಲ್ಲ. ಪಿಯುಸಿ ಓದುವ ಉತ್ಸಾಹಿ ಮಕ್ಕಳೇ ಹೆಚ್ಚಾಗಿ ಮುಂದೆ ಬರುವುದರಿಂದ, 18 ಆಗದವರ ಪರವಾಗಿ ತಂದೆತಾಯಿ ಒಪ್ಪಿಗೆ ಬರೆದುಕೊಡಬೇಕೆಂದೂ, ಅವರೊಡನೆ ಖಾಸಗಿ ಸಂದೇಶಗಳಲ್ಲಿ ಅಲ್ಲದೆ ಎಲ್ಲರಿಗೂ ಕಾಣುವಲ್ಲಿಯೇ ಮಾತುಕತೆ ನಡೆಯಬೇಕೆಂದೂ ನಮ್ಮ ಫಾರ್ಮ್‌ನಲ್ಲಿ ಸೇರಿಸಿದ್ದೇವೆ. ಇದು ಸೇವೆಯಿಂದ ಬಂದದ್ದಲ್ಲ. ಬಳಸುವವರೇ ಹಾಕಿಕೊಳ್ಳಬೇಕಾದ ಕಟ್ಟು.

ಕೊಡಗಿನ ಮಳೆಗಾಲದ ಮಟ್ಟಿಗೆ ಹೇಳುವುದಾದರೆ ಈ ಸೇವೆ ಚೆನ್ನಾಗಿ ಹೊಂದುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಟವರ್‌ನ ಬ್ಯಾಟರಿ ಇಳಿದ ಮೇಲೆ ನೆಟ್‌ವರ್ಕ್ ಕೂಡ ಹೋಗುತ್ತದೆ. ಗಿಟ್‌ಹಬ್‌ನ ತಳಹದಿಯಾದ ಗಿಟ್ ತಂತ್ರಾಂಶವನ್ನು ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ್ದೇ ಪ್ರತಿಯೊಬ್ಬರ ಕಂಪ್ಯೂಟರ್‌ನಲ್ಲಿಯೂ ಪೂರ್ತಿ ಇತಿಹಾಸವಿರುವ ಪ್ರತಿ ಇರಬೇಕೆಂಬ ಕ್ರಮದಲ್ಲಿ. ಹಾಗಾಗಿ ನೆಟ್‌ವರ್ಕ್ ಇಲ್ಲದ ದಿನಗಳಲ್ಲಿಯೂ ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಕೆಲಸ ಮಾಡಿ, ಹಂತಹಂತವಾಗಿ ದಾಖಲಿಸಿಟ್ಟು, ಸಂಪರ್ಕ ಬಂದಾಗ ಒಮ್ಮೆಲೇ ಕಳಿಸಬಹುದು. ಡಿಸ್ಕಾರ್ಡ್‌ನಂತಹ ಹರಟೆಯ ತಾಣಗಳಲ್ಲಿ ಆ ಹೊತ್ತಿಗೆ ಹಾಜರಿಲ್ಲದವರ ಪಾಲಿಗೆ ನಿರ್ಧಾರಗಳು ನೂರಾರು ಸಂದೇಶಗಳ ಅಡಿಯಲ್ಲಿ ಹೂತುಹೋಗುತ್ತವೆ. ಇಶ್ಯೂನಲ್ಲಿ ಬರೆದದ್ದು ವಾರದ ಮೇಲೆ ಬಂದವರಿಗೂ ಅದೇ ಜಾಗದಲ್ಲಿ ಸಿಗುತ್ತದೆ. ವಾರಕ್ಕೆ ಎಷ್ಟು ಗಂಟೆ, ಯಾವ ತಿಂಗಳುಗಳಲ್ಲಿ ಕೆಲಸ ನಿಲ್ಲುತ್ತದೆ ಎಂಬ ಪ್ರಶ್ನೆಗಳನ್ನೂ ಫಾರ್ಮ್‌ನಲ್ಲಿ ಇಟ್ಟಿದ್ದೇವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನಲ್ಲಿ ಮುಳುಗಿರುವ ತಂಡ ಅದನ್ನು ಮೊದಲೇ ಹೇಳಿದರೆ, ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಕುಳಿತ ಸ್ವಯಂಸೇವಕರು ಉತ್ತರ ಬರಲಿಲ್ಲವೆಂದು ನೊಂದುಕೊಳ್ಳುವುದಿಲ್ಲ.

ಕೊರತೆಗಳೂ ಇವೆ, ಅವು ಸಣ್ಣವಲ್ಲ. ಫಾರ್ಮ್‌ನ ಪ್ರಶ್ನೆಗಳು ಕನ್ನಡದಲ್ಲಿದ್ದರೂ ಸುತ್ತಲಿನ ಗುಂಡಿಗಳು, ಸೂಚನೆಗಳು, ಸಹಾಯಪುಟಗಳು ಕನ್ನಡದಲ್ಲಿಲ್ಲ. ಕೋಡ್ ಬರೆಯುವವರಿಗೆ ಅಭ್ಯಾಸವಾಗಿರುವ ಕಮಿಟ್ (ಬದಲಾವಣೆಯ ದಾಖಲೆ), ಬ್ರ್ಯಾಂಚ್ (ಕೆಲಸದ ಪ್ರತ್ಯೇಕ ಕವಲು), ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಇವುಗಳ ವ್ಯವಸ್ಥೆ ಚಿತ್ರಕಾರರನ್ನೂ ಹಾಡುಗಾರರನ್ನೂ ಬಾಗಿಲಲ್ಲೇ ನಿಲ್ಲಿಸುತ್ತದೆ. ಅವರಿಗಾಗಿ ನಾವು, ಚಿತ್ರವನ್ನು ಇಶ್ಯೂಗೇ ಲಗತ್ತಿಸಿದರೆ ಸಾಕು, ಸೇರಿಸುವ ಕೆಲಸ ನಮ್ಮದು ಎಂದು ಬರೆದಿದ್ದೇವೆ. 100 ಎಂಬಿ ಮೀರಿದ ಕಡತವನ್ನು ಗಿಟ್‌ಹಬ್ ನೇರವಾಗಿ ಸ್ವೀಕರಿಸುವುದಿಲ್ಲವಾದ್ದರಿಂದ, ಸಂಕುಚಿಸದ ಧ್ವನಿಮುದ್ರಣಗಳಿಗೆ ಬೇರೆ ವ್ಯವಸ್ಥೆ ಬೇಕು. ಇನ್ನು, ಗೇಮ್‌ನಲ್ಲಿ ಆಸಕ್ತಿ ಇರುವವರು ತಾವಾಗಿಯೇ ಅಡ್ಡಾಡುವ ಜಾಗ ಇದಲ್ಲ. ಹೊಸಬರ ಕಣ್ಣಿಗೆ ಬೀಳಬೇಕಾದರೆ ಸಣ್ಣ ಗೇಮ್‌ಗಳನ್ನು ಪ್ರಕಟಿಸುವ ಇಚ್ ಡಾಟ್ ಐಒ ತಾಣದಲ್ಲಿ ಬ್ರೌಸರ್‌ನಲ್ಲಿಯೇ ಆಡಬಹುದಾದ ಕಚ್ಚಾ ರೂಪವನ್ನಿಟ್ಟು, ಅಲ್ಲಿಂದ ಗಿಟ್‌ಹಬ್‌ನ ಕರೆಗೆ ಕೊಂಡಿ ಕೊಡುವುದು ಒಳ್ಳೆಯದು. ಆ ತಾಣದಲ್ಲಿ ಮಾರಾಟವಾದರೆ ತಾಣಕ್ಕೆ ಎಷ್ಟು ಪಾಲು ಎಂಬುದನ್ನು ಗೇಮ್ ಮಾಡಿದವರೇ ನಿರ್ಧರಿಸಬಹುದು. ಮೊದಲೇ ತುಂಬಿರುವ ಅಂಕಿ ಶೇಕಡಾ 10, ಬೇಕಿದ್ದರೆ ಸೊನ್ನೆಗೂ ಇಳಿಸಬಹುದು.

ಈ ಎಲ್ಲ ಕಟ್ಟುಪಾಡು ಹವ್ಯಾಸಕ್ಕೆ ಭಾರವಾಗದೇ ಎಂದು ನಮ್ಮಲ್ಲಿಯೇ ಕೆಲವರು ಕೇಳಿದರು. 2003ರಲ್ಲಿ ಆರಂಭವಾದ 'ದಿ ಬ್ಯಾಟಲ್ ಫಾರ್ ವೆಸ್ನಾತ್' ಎಂಬ ತಂತ್ರದಾಟ ಸ್ವಯಂಸೇವಕರ ಕೆಲಸದಿಂದಲೇ ಬೆಳೆದು ಇಂದಿಗೂ ನಡೆಯುತ್ತಿದೆ. ಅದರ ಕೋಡ್ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ತೆರೆದಿದೆ. ಬರುವವರು ಬದಲಾಗುತ್ತಿದ್ದರೂ ಕೆಲಸ ನಿಲ್ಲದಿರಬೇಕಾದರೆ ನಿಯಮ ಯಾರೋ ಒಬ್ಬರ ನೆನಪಿನಲ್ಲಿದ್ದರೆ ಸಾಲದು, ಬರಹದಲ್ಲಿರಬೇಕು ಎಂದು ನಾನು ಅವರಿಗೆ ಉತ್ತರಿಸಿದೆ.

ಹೊಸದಾಗಿ ಬಳಸುವವರಿಗೆ ಕೊನೆಯದಾಗಿ ತಿಳಿಸಬೇಕಾದದ್ದು ಕರೆಯನ್ನು ಮುಚ್ಚುವ ಕ್ರಮ. ಜನ ಸಿಕ್ಕಿದ ಮೇಲೂ ತೆರೆದೇ ಇರುವ ಕರೆಗೆ ಅರ್ಜಿ ಹಾಕಿ ಕಾಯುವವರ ಸಮಯ ವ್ಯರ್ಥವಾಗುತ್ತದೆ. ಇಶ್ಯೂವನ್ನು ಮುಚ್ಚುವಾಗ ಕೆಲಸ ಮುಗಿಯಿತೆಂದೋ, ಕೈಬಿಡಲಾಯಿತೆಂದೋ ಕಾರಣವನ್ನು ಆಯ್ದುಕೊಳ್ಳಲು ಗಿಟ್‌ಹಬ್ ಅನುವು ಮಾಡಿದೆ, ಮುಚ್ಚಿದ ಮೇಲೂ ಅದು ಓದಲು ಸಿಗುತ್ತದೆ. ಕೈಬಿಟ್ಟ ಕೆಲಸವಾದರೆ ಈಗಾಗಲೇ ಬಂದ ಚಿತ್ರಗಳ ಗತಿ ಏನು, ಅವನ್ನು ಬಿಡಿಸಿದವರು ಬೇರೆಡೆ ಬಳಸಬಹುದೇ ಎಂಬುದನ್ನು ಎರಡು ಸಾಲಿನಲ್ಲಾದರೂ ಬರೆದ ನಂತರವೇ ಮುಚ್ಚಬೇಕೆಂದು ನಮ್ಮ ರೆಪೊಸಿಟರಿಯ ನಿಯಮದಲ್ಲಿದೆ.