ಡೆನಾನ್ ಎಕ್ಸ್1700ಎಚ್, ಎಸ್‌ವಿಎಸ್ ಸಬ್ ಮತ್ತು ಕ್ರಾಸ್‌ಓವರ್ ಲೆಕ್ಕ

ಡೆನಾನ್ ಎವಿಆರ್-ಎಕ್ಸ್1700ಎಚ್ ಒಳ್ಳೆಯ ರಿಸೀವರ್, ಅಂದರೆ ಸಿನಿಮಾದ ಸದ್ದನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ಎಸ್‌ವಿಎಸ್ ಎಸ್‌ಬಿ-1000 ಪ್ರೊ ಇನ್ನೂ ಒಳ್ಳೆಯ ಸಬ್‌ವೂಫರ್ (ಸಬ್), ಅಂದರೆ ಬಾಸ್ ಅನ್ನುವ ತಗ್ಗಿನ ಸದ್ದಿಗೇ ಮೀಸಲಾದ ಸ್ಪೀಕರ್. ಆದರೆ ಇವೆರಡನ್ನೂ ಕೊಂಡು ತಂದು, ಮೈಕ್ ಇಟ್ಟು ಅಳತೆ ಮಾಡಿಸಿ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡರೆ ಕೊಟ್ಟ ದುಡ್ಡಿಗೆ ಸಿಗಬೇಕಾದದ್ದು ಪೂರ್ತಿ ಸಿಗುವುದಿಲ್ಲ. ಕ್ರಾಸ್‌ಓವರ್ ಅನ್ನೋ ಒಂದು ಮೆನು ಇದೆ. ಯಾವ ಸ್ವರದಿಂದ ಕೆಳಗಿನ ಬಾಸ್ ಅನ್ನು ಸ್ಪೀಕರ್ ಬದಲು ಸಬ್‌ಗೆ ಕಳಿಸಬೇಕು ಅಂತ ಹೇಳುವುದು ಅಲ್ಲೇ. ಅಲ್ಲಿ ನಾಲ್ಕು ಅಂಕಿ ಬದಲಾಯಿಸಿದರೆ ಇದೇ ಪೆಟ್ಟಿಗೆಗಳು ಬೇರೆಯೇ ಆಗಿ ಕೇಳಿಸುತ್ತವೆ. ಹಾಗಾಗಿ ಈ ವಿಮರ್ಶೆಯಲ್ಲಿ ಅದರ ಮಾತೇ ಜಾಸ್ತಿ.

ಮೊದಲು ಮನೆಯ ವಿವರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು ನೆಲಮಹಡಿಯ ಮನೆ. ಹಾಲ್ 12 ಅಡಿ ಅಗಲ, 16 ಅಡಿ ಉದ್ದ, 10 ಅಡಿ ಎತ್ತರ. ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು, ನೆಲಕ್ಕೆ ಟೈಲ್ಸ್. ಮುಂದೆ ಎರಡು ಟವರ್ ಸ್ಪೀಕರ್, ಒಂದೊಂದರಲ್ಲೂ ಎರಡು ಆರೂವರೆ ಇಂಚಿನ ವೂಫರ್. ಟಿವಿ ಕೆಳಗೆ ನಾಲ್ಕು ಇಂಚಿನ ಎರಡು ಡ್ರೈವರ್ ಇರುವ ಸೆಂಟರ್ ಸ್ಪೀಕರ್. ಹಿಂದಿನ ಗೋಡೆಗೆ ಮೂರು ಇಂಚಿನ ಎರಡು ಪುಟ್ಟ ಸರೌಂಡ್. ಒಟ್ಟು 5.1, ಅಂದರೆ ಐದು ಸ್ಪೀಕರ್, ಒಂದು ಸಬ್.

ಗೋಡೆಯ ವಿಷಯ ಸುಮ್ನೆ ಹೇಳಿದ್ದಲ್ಲ. ವಿದೇಶದ ವಿಮರ್ಶೆಗಳಲ್ಲಿ ಎಷ್ಟೋ ಸಲ ಜಿಪ್ಸಮ್ ಹಲಗೆಯ ಗೋಡೆ, ಮರದ ನೆಲ, ಅದರ ಮೇಲೆ ಕಾರ್ಪೆಟ್ ಇರುವ ಕೋಣೆ ಇರುತ್ತದೆ. ಅಂಥ ಗೋಡೆ ಬಾಸ್‌ನಲ್ಲಿ ಸ್ವಲ್ಪ ಹೊರಗೆ ಬಿಡುತ್ತದೆ, ಸ್ವಲ್ಪ ತಾನೇ ನುಂಗುತ್ತದೆ. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ಸೂರು ಬಂದದ್ದನ್ನೆಲ್ಲ ವಾಪಸ್ ಕೋಣೆಗೇ ತಳ್ಳುತ್ತವೆ. ಎದುರುಬದುರಿನ ದೂರಕ್ಕೆ ತಕ್ಕಂತೆ ಒಂದೊಂದು ಸ್ವರ ಹೀಗೆ ಉಬ್ಬುತ್ತದೆ: 16 ಅಡಿ ಉದ್ದಕ್ಕೆ ಸುಮಾರು 35 ಹರ್ಟ್ಝ್, 12 ಅಡಿ ಅಗಲಕ್ಕೆ ಸುಮಾರು 47, 10 ಅಡಿ ಎತ್ತರಕ್ಕೆ ಸುಮಾರು 56. ನಮ್ಮ ಹಾಲ್‌ನಲ್ಲಿ ಈ ಮೂರು ಸ್ವರಗಳು ಬೇಡವೆಂದರೂ ಉಬ್ಬುತ್ತವೆ. ಮೂರೂ ಕ್ರಾಸ್‌ಓವರ್‌ಗೆ ಸಾಮಾನ್ಯವಾಗಿ ಇಡುವ 80ರ ಕೆಳಗೇ ಇವೆ, ನೋಡಿ. ಅಂದರೆ ಆ ಕೆಳಗಿನ ಭಾಗವನ್ನು ಎಲ್ಲ ಸ್ಪೀಕರ್‌ಗೂ ಹಂಚುವ ಬದಲು ಒಂದೇ ಸಬ್‌ಗೆ ಒಪ್ಪಿಸಿ, ಆ ಸಬ್ ಅನ್ನು ಸರಿಯಾದ ಜಾಗದಲ್ಲಿ ಇಟ್ಟರೆ ಅರ್ಧ ತೊಂದರೆ ತಪ್ಪುತ್ತದೆ.

ಜೋಡಿಸಲು ಬಂದ ಅಂಗಡಿಯವರು ಮಾಡಿದ್ದು ಇದಕ್ಕೆ ಸರಿಯಾಗಿ ಉಲ್ಟಾ. ಟವರ್‌ಗಳನ್ನು 'ಲಾರ್ಜ್' ಮಾಡಿದರು. ಸಬ್ ಮೋಡ್ 'ಎಲ್‌ಎಫ್‌ಇ + ಮೇನ್' (ಎಲ್‌ಎಫ್‌ಇ ಅಂದರೆ ಸಿನಿಮಾದಲ್ಲಿ ಬಾಸ್‌ಗೇ ಮೀಸಲಾದ ಚಾನೆಲ್, ಮೇನ್ ಅಂದರೆ ಮುಂದಿನ ಸ್ಪೀಕರ್‌ಗಳು). ಸಬ್‌ನೊಳಗಿನ ಲೋ ಪಾಸ್ ಫಿಲ್ಟರ್ (ಇಟ್ಟ ಅಂಕಿಯ ಮೇಲಿನ ಸ್ವರ ಸೋಸಿ ತೆಗೆಯುವುದು) 60 ಹರ್ಟ್ಝ್‌ಗೆ. ಒಂದು ಸ್ಫೋಟದ ದೃಶ್ಯ ಜೋರಾಗಿ ಹಾಕಿ ತೋರಿಸಿ ಹೊರಟರು. ಸಂಜೆ ವಾರ್ತೆ ಹಾಕಿದಾಗ ನಮ್ಮ ಅಪ್ಪ, "ಮಾತೆಲ್ಲ ಬಾವಿಯೊಳಗಿಂದ ಬಂದ ಹಾಗಿದೆ ಕಣೋ" ಅಂದರು. ಅವರು ಹೇಳಿದ್ದು ನಿಜ. ಹಣ ತೆಗೆದುಕೊಂಡು ಜೋಡಿಸುವವರು ಸೋಫಾದ ಮೇಲೆ ಕೂತು ಐದು ನಿಮಿಷ ಮಾತು ಕೇಳಿದ್ದರೂ ಇದು ಗೊತ್ತಾಗುತ್ತಿತ್ತು. ನನಗೆ ಇವತ್ತಿಗೂ ಅದರ ಬಗ್ಗೆ ಸಿಟ್ಟಿದೆ.

ಎಲ್‌ಎಫ್‌ಇ + ಮೇನ್ ಇಟ್ಟರೆ ಒಂದೇ ಬಾಸ್ ಟವರ್‌ಗೂ ಹೋಗುತ್ತದೆ, ಸಬ್‌ಗೂ ಹೋಗುತ್ತದೆ. ಮೂರು ಜಾಗದಿಂದ ಹೊರಟ ಅದೇ ಸ್ವರ ಕೋಣೆಯಲ್ಲಿ ಒಂದು ಕಡೆ ಕೂಡಿ ಗುಂಯ್ ಅನ್ನುತ್ತದೆ, ಇನ್ನೊಂದು ಕಡೆ ಒಂದನ್ನೊಂದು ಕಳೆದು ಇಲ್ಲವೇ ಆಗುತ್ತದೆ. ಬರೀ 'ಎಲ್‌ಎಫ್‌ಇ' ಸಾಕು.

'ಲಾರ್ಜ್' ಅನ್ನೋದು ದೊಡ್ಡ ಸ್ಪೀಕರ್ ಕೊಂಡವರಿಗೆ ಸಿಗುವ ಮರ್ಯಾದೆ ಅಲ್ಲ. ಪೂರ್ತಿ ಬಾಸ್ ಆ ಸ್ಪೀಕರ್‌ಗೇ ಕಳಿಸು ಅಂತ ರಿಸೀವರ್‌ಗೆ ಕೊಡುವ ಆಜ್ಞೆ, ಅಷ್ಟೇ. ಟವರ್ ಸ್ಪೀಕರ್ ಇದ್ದರೆ ಆಡಿಸ್ಸಿ (ಮೈಕ್ ಇಟ್ಟು ಅಳೆದು ಸದ್ದು ತಿದ್ದುವ, ರಿಸೀವರ್‌ನೊಳಗಿನ ವ್ಯವಸ್ಥೆ) ಅಳತೆಯ ನಂತರವೂ 'ಲಾರ್ಜ್' ಅಂತ ಬರಬಹುದು. ಸ್ಪೀಕರ್ ಅಷ್ಟು ಕೆಳಗೆ ಇಳಿಯಿತು ಅನ್ನುವ ವರದಿ ಅದು. ಅದನ್ನು 'ಸ್ಮಾಲ್'ಗೆ, ಅಂದರೆ ಬಾಸ್ ಸಬ್‌ಗೆ ಹೋಗುವಂತೆ, ಬದಲಾಯಿಸಿಕೊಳ್ಳಲು ಹಿಂಜರಿಯಬೇಡಿ. ಈ ರಿಸೀವರ್‌ನ ಶಕ್ತಿ ಎರಡು ಚಾನೆಲ್ ಮಾತ್ರ ನುಡಿಯುವಾಗ ತಲಾ 80 ವ್ಯಾಟ್. ಆ ವ್ಯಾಟ್‌ಗಳನ್ನು ಬೇಗ ತಿಂದು ಮುಗಿಸುವುದು ಬಾಸ್. ಅದನ್ನು ಎಸ್‌ಬಿ-1000 ಪ್ರೊನ 12 ಇಂಚಿನ ಡ್ರೈವರ್‌ಗೆ, ಅದರದೇ 325 ವ್ಯಾಟ್‌ಗೆ ಬಿಟ್ಟುಕೊಟ್ಟರೆ ಟವರ್‌ಗಳ ಮಧ್ಯ ಸ್ವರಗಳು ತಿಳಿಯಾಗುತ್ತವೆ. ನಮ್ಮಲ್ಲಿ ಈ ವ್ಯತ್ಯಾಸ ಹಾಕಿದ ಕೂಡಲೇ ಕಿವಿಗೆ ಬಿತ್ತು.

ಇನ್ನು ಅಂಕಿ. ಎಲ್ಲಿ ನೋಡಿದರೂ 80 ಅನ್ನುತ್ತಾರೆ. ಟಾಮ್ಲಿನ್ಸನ್ ಹೋಲ್ಮನ್ ಲ್ಯೂಕಾಸ್‌ಫಿಲ್ಮ್‌ನಲ್ಲಿ ಕಟ್ಟಿದ ಟಿಎಚ್‌ಎಕ್ಸ್ ಎಂಬ ಸಿನಿಮಾ ಸದ್ದಿನ ಮಾನದಂಡದಿಂದ ಈ ಅಂಕಿ ಮನೆಮನೆಗೆ ಬಂತು. ಕಾರಣ ಸರಳ. 80 ಹರ್ಟ್ಝ್‌ನ ಒಂದು ಅಲೆಯ ಉದ್ದ ಸುಮಾರು 4.3 ಮೀಟರ್. ಅದಕ್ಕಿಂತ ಕೆಳಗಿನ ಸದ್ದು ಯಾವ ಮೂಲೆಯಿಂದ ಬಂತು ಅಂತ ನಮ್ಮ ಕಿವಿಗೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಸಬ್ ಎಲ್ಲಿದ್ದರೂ ಸದ್ದು ಪರದೆಯಿಂದಲೇ ಬಂದಂತೆ ಇರುತ್ತದೆ.

ಹಾಗಂತ 80 ಒಂದು ಗೋಡೆಯಲ್ಲ. ಡೆನಾನ್‌ನಲ್ಲಿ 80 ಇಟ್ಟರೆ ಸ್ಪೀಕರ್ ಕಡೆ ಬಾಸ್ ಆಕ್ಟೇವ್‌ಗೆ (ಹರ್ಟ್ಝ್ ಅಂಕಿ ಅರ್ಧ ಅಥವಾ ಎರಡರಷ್ಟಾಗುವ ಒಂದೊಂದು ಹೆಜ್ಜೆಗೆ) 12 ಡೆಸಿಬೆಲ್‌ನಂತೆ ಇಳಿಯುತ್ತಾ ಹೋಗುತ್ತದೆ. ಸಬ್ ಕಡೆ ಮೇಲಿನ ಸ್ವರಗಳು ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಇಳಿಯುತ್ತವೆ. ನಡುವೆ ಒಂದಷ್ಟು ದೂರ ಇಬ್ಬರೂ ಒಟ್ಟಿಗೆ ಕೆಲಸ ಮಾಡುತ್ತಾರೆ. ಅದಕ್ಕೇ 80 ಇಡಬೇಕಾದರೆ ಸ್ಪೀಕರ್ 80ಕ್ಕಿಂತ ಸಾಕಷ್ಟು ಕೆಳಗೆ ಆರಾಮಾಗಿ ನುಡಿಯುವಂತಿರಬೇಕು. ನಮ್ಮ ಟವರ್‌ಗಳು ಹಾಗಿವೆ, ಅವಕ್ಕೆ 80.

ಸೆಂಟರ್ ವಿಷಯದಲ್ಲಿ ನಾನು ತುಂಬ ಹೊತ್ತು ಕೂತೆ. ಸಿನಿಮಾದ ಮಾತೆಲ್ಲ ಅಲ್ಲಿಂದಲೇ ಅಲ್ವಾ? ನಾಲ್ಕು ಇಂಚಿನ ಡ್ರೈವರ್‌ಗೆ 80 ಕೊಟ್ಟರೆ ಜೋರಾದ ದೃಶ್ಯದಲ್ಲಿ ಅದು ಏದುಸಿರು ಬಿಡುತ್ತದೆ. 150 ಕೊಟ್ಟರೆ ಇನ್ನೊಂದು ತೊಂದರೆ. ಗಂಡಸರ ಮಾತಿನ ಮೂಲ ಸ್ವರ ಸುಮಾರು 85ರಿಂದ 180 ಹರ್ಟ್ಝ್ ನಡುವೆ ಇರುತ್ತದೆ. ಅದರಲ್ಲಿ ಅರ್ಧ ಸಬ್‌ಗೆ ಹೋದರೆ ನಾಯಕನ ಮುಖ ಪರದೆ ಮೇಲೆ, ಅವನ ಎದೆಯ ದನಿ ಮೂಲೆಯಲ್ಲಿ. ಅಪ್ಪನನ್ನು ಕೂರಿಸಿಕೊಂಡು ವಾರ್ತೆ, ಹಳೇ ಕಪ್ಪು-ಬಿಳುಪು ಸಿನಿಮಾದ ಸಂಭಾಷಣೆ ಎರಡನ್ನೂ 90, 100, 120 ಮೂರರಲ್ಲೂ ಕೇಳಿದೆವು. 100ರಲ್ಲಿ ಮಾತು ತುಂಬಿಯೂ ಇತ್ತು, ಟಿವಿಯಿಂದಲೇ ಬರುತ್ತಿತ್ತು. ಅದೇ ಉಳಿಯಿತು.

ಪ್ರತಿ ಗುಂಪಿಗೂ ಬೇರೆ ಬೇರೆ ಅಂಕಿ ಕೊಡುವ ಅನುಕೂಲ ಈ ರಿಸೀವರ್‌ನಲ್ಲಿದೆ. ಕ್ರಾಸ್‌ಓವರ್ ಮೆನುವಿನಲ್ಲಿ 'ಆಲ್' ಬದಲು 'ಇಂಡಿವಿಜುಯಲ್' ಆರಿಸಬೇಕು. ಈ ಒಂದು ಸೌಕರ್ಯಕ್ಕೇ ನಾನು ಇದಕ್ಕೆ ಜಾಸ್ತಿ ಅಂಕ ಕೊಡುತ್ತೇನೆ. ಸರೌಂಡ್‌ಗಳಿಗೆ 150 ಇಟ್ಟಿದ್ದೇನೆ. ಮೂರು ಇಂಚಿನ ಪೆಟ್ಟಿಗೆಗೆ ಅದಕ್ಕಿಂತ ಕೆಳಗಿನ ಕೆಲಸ ಹೇಳಬಾರದು.

ಒಂದು ನಿಯಮ ಮಾತ್ರ ಮರೆಯಬೇಡಿ. ಆಡಿಸ್ಸಿ ಅಳೆದು ಕೊಟ್ಟ ಅಂಕಿಯನ್ನು ಮೇಲಕ್ಕೆ ಏರಿಸಬಹುದು, ಕೆಳಗೆ ಇಳಿಸಬಾರದು. ಸ್ಪೀಕರ್ ಎಲ್ಲಿ ಸೋಲುತ್ತದೋ ಅದರ ಕೆಳಗೆ ಆಡಿಸ್ಸಿ ತಿದ್ದುಪಡಿ ಮಾಡಿರುವುದಿಲ್ಲ. ಅಲ್ಲಿಗೆ ಇಳಿಸಿದರೆ ತಿದ್ದದ ಸದ್ದು ಕೇಳುತ್ತೀರಿ.

'ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ' ಅನ್ನುವ ಇನ್ನೊಂದು ಅಂಕಿ ಇದೆ, ಎಲ್‌ಎಫ್‌ಇ ಚಾನೆಲ್‌ಗೆ ಹಾಕುವ ಲೋ ಪಾಸ್ ಫಿಲ್ಟರ್. ಇದಕ್ಕೂ ಮೇಲಿನವಕ್ಕೂ ಸಂಬಂಧ ಇಲ್ಲ. 5.1ರಲ್ಲಿ ಆ '.1' ಚಾನೆಲ್‌ನ ಸದ್ದು 120 ಹರ್ಟ್ಝ್‌ವರೆಗೂ ಇರಬಹುದು, ಅದನ್ನು 120ರಲ್ಲೇ ಬಿಡಿ. 80 ಮಾಡಿದರೆ ಮಿಕ್ಸ್ ಮಾಡಿದವರು ಇಟ್ಟದ್ದನ್ನು ಸುಮ್ನೆ ಕತ್ತರಿಸಿದ ಹಾಗೆ. ಸಬ್‌ನೊಳಗಿನ ಲೋ ಪಾಸ್ ಫಿಲ್ಟರ್ ಪೂರ್ತಿ ಆಫ್ ಮಾಡಿ. ರಿಸೀವರ್ ಒಮ್ಮೆ ಸೋಸಿದ್ದನ್ನು ಸಬ್ ಮತ್ತೆ ಸೋಸಿದರೆ ನಡುವೆ ಒಂದು ಹಳ್ಳ ಬೀಳುತ್ತದೆ. ಎಸ್‌ವಿಎಸ್‌ನಲ್ಲಿ ಇದನ್ನು ಫೋನಿನ ಆ್ಯಪ್‌ನಿಂದಲೇ ಮಾಡಬಹುದು, ಸಬ್ ಹಿಂದೆ ಬಗ್ಗಿ ಟಾರ್ಚ್ ಹಿಡಿಯಬೇಕಿಲ್ಲ. ಹಳೆಯ ಸಬ್ ಇದ್ದವರು ಹಿಂದಿನ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿದರೆ ಸಾಕು.

ಸಬ್‌ಗೆ ಜಾಗ ಹುಡುಕುವ ಹಳೆಯ ಉಪಾಯ ಇಲ್ಲೂ ಕೆಲಸ ಮಾಡಿತು. ಸಬ್ ಅನ್ನು ನಾವು ಕೂರುವ ಜಾಗದಲ್ಲಿ ಇಟ್ಟು, ಒಂದೇ ಬಾಸ್ ಸಾಲು ಮತ್ತೆ ಮತ್ತೆ ಹಾಕಿ, ಗೋಡೆಯ ಉದ್ದಕ್ಕೂ ಮಂಡಿಯೂರಿ ಕೇಳುತ್ತಾ ಹೋಗುವುದು. ಎಲ್ಲ ಸ್ವರ ಸಮನಾಗಿ ಕೇಳಿದ ಕಡೆ ಸಬ್ ಇಡುವುದು. ನಮ್ಮಲ್ಲಿ ಅದು ಮೂಲೆ ಆಗಲಿಲ್ಲ. ಎಡ ಟವರ್ ಮತ್ತು ಟಿವಿ ಸ್ಟ್ಯಾಂಡ್ ನಡುವಿನ ಜಾಗ ಸಿಕ್ಕಿತು. ಸರೌಂಡ್‌ಗೆ 150 ಇಟ್ಟಿರುವಾಗ ಸಬ್ ಮುಂದೆಯೇ ಇರುವುದು ಒಳ್ಳೆಯದು. ಹಿಂದೆ ಒಂದು ಪಕ್ಕದಲ್ಲಿ ಇದ್ದಿದ್ದರೆ ಅದು ತನ್ನ ಜಾಗ ತೋರಿಸಿಕೊಡುತ್ತಿತ್ತು.

ಅಳತೆ ಮಾಡುವಾಗ ರಟ್ಟಿನ ಸ್ಟ್ಯಾಂಡ್ ಕೊಡುತ್ತಾರೆ, ಪರವಾಗಿಲ್ಲ. ಕ್ಯಾಮೆರಾ ಟ್ರೈಪಾಡ್ ಇದ್ದರೆ ಇನ್ನೂ ಗಟ್ಟಿ. ಮೈಕ್ ಕಿವಿಯ ಎತ್ತರಕ್ಕಿರಲಿ. ಇದರಲ್ಲಿರುವ ಆಡಿಸ್ಸಿ, ಅಂದರೆ ಮಲ್ಟ್‌ಇಕ್ಯು ಎಕ್ಸ್‌ಟಿ, ಎಂಟು ಜಾಗದವರೆಗೆ ಅಳೆಯುತ್ತದೆ, ಎಂಟನ್ನೂ ಮಾಡಿ. ಫ್ಯಾನ್ ಆಫ್ ಮಾಡಿ, ಅಡುಗೆಮನೆಯಲ್ಲಿ ಕುಕ್ಕರ್ ಇಡದ ಹೊತ್ತು ನೋಡಿಕೊಳ್ಳಿ.

ಆಮೇಲೆ ಉಳಿಯುವುದು ಸಬ್ ಮತ್ತು ಟವರ್‌ನ ಹೊಂದಾಣಿಕೆ. ಇದಕ್ಕೆ ನನ್ನ ಪರೀಕ್ಷೆ ಡೊಳ್ಳು ಕುಣಿತದ ಒಂದು ರೆಕಾರ್ಡಿಂಗ್. ಡೊಳ್ಳಿಗೆ ಕೋಲು ಬಿದ್ದ ಟಕ್ ಸದ್ದು ಟವರ್‌ನಿಂದ ಬರುತ್ತದೆ, ಚರ್ಮದ ಗುಮ್ ಅನ್ನುವುದು ಸಬ್‌ನಿಂದ. ಎರಡೂ ಒಂದೇ ಪೆಟ್ಟಾಗಿ ಎದೆಗೆ ತಾಗಬೇಕು. ಸ್ವಲ್ಪ ಸಡಿಲ ಅನ್ನಿಸಿದರೆ 80 ಹರ್ಟ್ಝ್‌ನ ಒಂದೇ ಸ್ವರ ಹಾಕಿ, ಟವರ್ ಮತ್ತು ಸಬ್ ಎರಡೂ ನುಡಿಯುವಾಗ ರಿಸೀವರ್‌ನಲ್ಲಿ ಸಬ್‌ನ ದೂರವನ್ನು ಸ್ವಲ್ಪ ಸ್ವಲ್ಪ ಬದಲಾಯಿಸಿ. ಕೂರುವ ಜಾಗದಲ್ಲಿ ಎಲ್ಲಿ ಅತಿ ಜೋರಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಆಡಿಸ್ಸಿ ಕೊಟ್ಟ ದೂರ ಟೇಪ್ ಹಿಡಿದ ದೂರಕ್ಕಿಂತ ಜಾಸ್ತಿ ಇದ್ದರೆ ಗಾಬರಿ ಬೇಡ, ಸಬ್‌ನೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಅದು ಸೇರಿಸಿ ಹೇಳುತ್ತದೆ.

ಕೊರತೆಗಳೂ ಇವೆ. ಹಿಂದೆ ಎರಡು ಸಬ್ ಔಟ್‌ಪುಟ್ ಇದ್ದರೂ ಎರಡರಲ್ಲೂ ಒಂದೇ ಸಿಗ್ನಲ್. ಎರಡು ಸಬ್‌ಗೆ ಬೇರೆ ಬೇರೆ ದೂರ, ಬೇರೆ ಮಟ್ಟ ಕೊಡಲಾಗುವುದಿಲ್ಲ. ಎರಡು ಸಬ್ ಇಡುವ ಯೋಚನೆ ಇರುವವರು ಇದಕ್ಕಿಂತ ಮೇಲಿನ ಮಾಡೆಲ್ ನೋಡಬೇಕು. ಎಸ್‌ಬಿ-1000 ಪ್ರೊ ಮುಚ್ಚಿದ ಪೆಟ್ಟಿಗೆಯ ಸಬ್. ನಮ್ಮಷ್ಟು ಹಾಲ್‌ಗೆ ಬಿಗಿಯಾಗಿ, ಚೊಕ್ಕವಾಗಿ ನುಡಿಯುತ್ತದೆ. ಊಟದ ಮನೆಗೂ ತೆರೆದುಕೊಂಡ ದೊಡ್ಡ ಹಾಲ್ ಇದ್ದರೆ ಪೋರ್ಟ್ (ಗಾಳಿ ಹೊರಬರುವ ಕೊಳವೆ) ಇರುವ ಸಬ್ ಕೇಳಿ ನೋಡಿ.

12ರಿಂದ 16 ಅಡಿಯ ಹಾಲ್, ಒಂದು ಸಬ್, 5.1 ಸಾಕು ಅನ್ನುವವರಿಗೆ ಈ ಜೋಡಿಯನ್ನು ಧೈರ್ಯವಾಗಿ ಹೇಳುತ್ತೇನೆ. ಕೊಳ್ಳುವಾಗ ಅಂಗಡಿಯವರಿಗೆ ಮೊದಲೇ ಹೇಳಿಬಿಡಿ: ಎಲ್ಲ ಸ್ಪೀಕರ್ 'ಸ್ಮಾಲ್', ಸಬ್ ಮೋಡ್ 'ಎಲ್‌ಎಫ್‌ಇ', ಸಬ್‌ನ ಫಿಲ್ಟರ್ ಆಫ್, ಮತ್ತೆ ಹೊರಡುವ ಮುಂಚೆ ವಾರ್ತೆ ಹಾಕಿ ಕೇಳಿಸಿ.